ಗಾಜಿನ ಜಾಡಿಯಲ್ಲಿದ್ದ ಮಿದುಳು

‘ಫ್ರಾಂಕನ್‌ಸ್ಟೈನ್’ ಎಂಬ ಹೆಸರನ್ನು ಕೇಳಿದವರು ಬಹಳ, ಆ ಚಲನಚಿತ್ರವನ್ನು ಪೂರ್ತಿಯಾಗಿ ನೋಡಿದವರು ಕಡಿಮೆ. 1931ರ ನವೆಂಬರ್ 21ರಂದು ಅಮೆರಿಕದಲ್ಲಿ ಬಿಡುಗಡೆಯಾದ ಈ ಕಪ್ಪು-ಬಿಳುಪಿನ ಚಿತ್ರದ ಅವಧಿ ಸುಮಾರು 70 ನಿಮಿಷಗಳು ಮಾತ್ರ. ನಿರ್ಮಿಸಿದ್ದು ಯೂನಿವರ್ಸಲ್ ಸಂಸ್ಥೆ, ನಿರ್ದೇಶಿಸಿದವನು ಜೇಮ್ಸ್ ವ್ಹೇಲ್. ಹೆಣಗಳ ಅಂಗಾಂಗಗಳನ್ನು ಹೊಲಿದು ಜೋಡಿಸಿ, ಸಿಡಿಲಿನ ವಿದ್ಯುತ್ತನ್ನು ಹರಿಸಿ ಮನುಷ್ಯನನ್ನು ಸೃಷ್ಟಿಸಲು ಹೊರಟ ಹೆನ್ರಿ ಫ್ರಾಂಕನ್‌ಸ್ಟೈನ್ ಎಂಬ ವಿಜ್ಞಾನಿಯ ಕಥೆ ಅದು. ಪತ್ರಿಕೆಗಳಲ್ಲಿ ಇಂದಿಗೂ ರಾಕ್ಷಸನನ್ನೇ ಫ್ರಾಂಕನ್‌ಸ್ಟೈನ್ ಎಂದು ಬರೆಯುವುದುಂಟು. ಹೆಸರು ಮಾಡಿದವನದು, ಮಾಡಲ್ಪಟ್ಟವನಿಗೆ ಹೆಸರೇ ಇಲ್ಲ. ಚಿತ್ರದ ಆರಂಭದ ಹೆಸರಿನ ಪಟ್ಟಿಯಲ್ಲಿ ಆ ಪಾತ್ರಧಾರಿಯ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಹಾಕಿದ್ದಾರೆ.

ಈ ಚಿತ್ರದಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವುದು ಪ್ರಯೋಗಶಾಲೆಯ ದೃಶ್ಯವನ್ನು. ಮಿಂಚು, ಕಿಡಿ, ಛಾವಣಿಯವರೆಗೆ ಏರುವ ಹಾಸಿಗೆ, ಕೊನೆಗೆ ಮೆಲ್ಲನೆ ಅಲುಗಾಡುವ ಕೈಬೆರಳು. ಆ ವಿದ್ಯುತ್ ಉಪಕರಣಗಳನ್ನು ಒದಗಿಸಿದವನು ಕೆನೆತ್ ಸ್ಟ್ರಿಕ್‌ಫ್ಯಾಡನ್ ಎಂಬಾತ. ಹುಚ್ಚು ವಿಜ್ಞಾನಿಯ ಪ್ರಯೋಗಶಾಲೆ ಎಂದರೆ ಹೀಗೆಯೇ ಇರಬೇಕೆಂಬ ಕಲ್ಪನೆಯನ್ನು ಲೋಕಕ್ಕೆಲ್ಲ ಕೊಟ್ಟವನು ಅವನೇ ಎನ್ನಬಹುದು. ಆದರೆ ಮೂವತ್ತೈದು ವರ್ಷ ಪಾಠ ಹೇಳಿದ ನನ್ನನ್ನು ಕಾಡುವುದು ಅದಕ್ಕಿಂತ ಮೊದಲು ಬರುವ ಒಂದು ಚಿಕ್ಕ ದೃಶ್ಯ.

ವೈದ್ಯಕೀಯ ಕಾಲೇಜಿನ ತರಗತಿಯೊಂದರಲ್ಲಿ ಡಾಕ್ಟರ್ ವಾಲ್ಡ್‌ಮನ್ ಎಂಬ ಪ್ರಾಧ್ಯಾಪಕರು ಎರಡು ಗಾಜಿನ ಜಾಡಿಗಳನ್ನು ಮುಂದಿಟ್ಟುಕೊಂಡು ಪಾಠ ಮಾಡುತ್ತಾರೆ. ಒಂದರಲ್ಲಿ ಸಾಮಾನ್ಯ ಮನುಷ್ಯನ ಮಿದುಳು, ಇನ್ನೊಂದರಲ್ಲಿ ಅಪರಾಧಿಯ ಮಿದುಳು. ಇದರ ಮಡಿಕೆಗಳು ಕಡಿಮೆ, ಇಂತಿಂಥ ಭಾಗ ಕ್ಷೀಣಿಸಿದೆ, ಆದ್ದರಿಂದಲೇ ಈ ಮನುಷ್ಯ ಕ್ರೂರಿಯಾದ ಎಂಬುದು ಪಾಠದ ಸಾರಾಂಶ. ತರಗತಿ ಮುಗಿದ ಮೇಲೆ ಹೆನ್ರಿಯ ಸಹಾಯಕ ಫ್ರಿಟ್ಸ್ ಕಿಟಕಿಯಿಂದ ಒಳಗಿಳಿಯುತ್ತಾನೆ. ಒಳ್ಳೆಯ ಮಿದುಳಿನ ಜಾಡಿಯನ್ನು ಎತ್ತಿಕೊಂಡವನು ಯಾವುದೋ ಸದ್ದಿಗೆ ಬೆಚ್ಚಿ ಅದನ್ನು ಕೈಬಿಟ್ಟು ಒಡೆದುಹಾಕಿ, ಬರಿಗೈಯಲ್ಲಿ ಹೋಗಲಾರದೆ ಇನ್ನೊಂದು ಜಾಡಿಯನ್ನೇ ಹೊತ್ತೊಯ್ಯುತ್ತಾನೆ. ಪ್ರೇಕ್ಷಕನಿಗೆ ಇಷ್ಟು ಸಾಕು. ಮುಂದೆ ಆ ಜೀವಿ ಏನು ಮಾಡಿದರೂ ಕಾರಣ ಆಗಲೇ ಗೊತ್ತಾಗಿಬಿಟ್ಟಿದೆ.

ಮೇರಿ ಶೆಲ್ಲಿಯ ಮೂಲ ಕಾದಂಬರಿಯಲ್ಲಿ ಈ ಜಾಡಿಯೇ ಇಲ್ಲ. 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ದಂಡೆಯ ಮೇಲೆ ಕಥೆಯನ್ನು ಆರಂಭಿಸಿದಾಗ ಆಕೆಗೆ ವಯಸ್ಸು 18. ಪುಸ್ತಕ ಲೇಖಕಿಯ ಹೆಸರಿಲ್ಲದೆ ಪ್ರಕಟವಾದದ್ದು 1818ರ ಜನವರಿಯಲ್ಲಿ. ಪೇಶ್ವೆಯ ಆಳ್ವಿಕೆ ಮುಗಿದು ನಮ್ಮ ನೆರೆಯ ಧಾರವಾಡ ಸೀಮೆ ಕಂಪನಿ ಸರ್ಕಾರದ ವಶವಾದ ವರ್ಷವೂ ಅದೇ. ಹುಟ್ಟಿದ ಹತ್ತು-ಹನ್ನೊಂದು ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡ, ತನ್ನ ಮೊದಲ ಕೂಸನ್ನೂ ಕಳೆದುಕೊಂಡಿದ್ದ ಹುಡುಗಿ ಬರೆದ ಈ ಕಥೆಯಲ್ಲಿ ದೋಷವಿರುವುದು ಮಿದುಳಿನಲ್ಲಲ್ಲ. ಜೀವಿ ಕಣ್ಣು ತೆರೆದ ಗಳಿಗೆಯಲ್ಲೇ ಸೃಷ್ಟಿಸಿದವನು ಅದರ ರೂಪ ಕಂಡು ಹೇಸಿ ಓಡಿಹೋಗುತ್ತಾನೆ. ಅನಾಥವಾದ ಆ ಜೀವಿ ಕಾಡಿನಲ್ಲಿ ಅಲೆದು, ಬಡ ಕುಟುಂಬವೊಂದರ ಗುಡಿಸಲಿಗೆ ಅಂಟಿಕೊಂಡಿದ್ದ ಕೊಟ್ಟಿಗೆಯಂಥ ಜಾಗದಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಒಳಗೆ ನಡೆಯುವ ಪಾಠವನ್ನು ಕೇಳುತ್ತ ಅಕ್ಷರ ಕಲಿಯುತ್ತದೆ. ಮುಂದೆ ಮಿಲ್ಟನ್, ಪ್ಲುಟಾರ್ಕ್, ಗಯಟೆ ಇವರನ್ನು ಓದುತ್ತದೆ. ತರಗತಿಯ ಹೊರಗೆ ನಿಂತು ಕಲಿತವರ ಕಥೆ ನಮಗೆ ಹೊಸದೇನಲ್ಲ, ಏಕಲವ್ಯನ ಸಂತತಿ ದೊಡ್ಡದು. ಯಕ್ಷಗಾನದ ನಾಡಿನವರಾದ ನಾವು ಈ ಜೀವಿಯನ್ನು ಭಸ್ಮಾಸುರನಿಗೆ ಹೋಲಿಸುವುದು ರೂಢಿ. ಅದು ಸರಿಯಾದ ಹೋಲಿಕೆಯಲ್ಲವೆಂದು ನನ್ನ ಅಭಿಪ್ರಾಯ. ಭಸ್ಮಾಸುರ ತಪಸ್ಸು ಮಾಡಿ ವರ ಬೇಡಿದವನು. ಇವನು ಏನನ್ನೂ ಬೇಡಿರಲಿಲ್ಲ, ಹುಟ್ಟನ್ನು ಸಹ.

ಚಿತ್ರ ಅವನ ಮಾತನ್ನು ಕಿತ್ತುಕೊಂಡಿತು, ಓದನ್ನು ಕಿತ್ತುಕೊಂಡಿತು, ಬದಲಿಗೆ ಕೆಟ್ಟ ಮಿದುಳನ್ನು ಕೊಟ್ಟಿತು. ಈ ಕಲ್ಪನೆ ಚಿತ್ರಕಥೆಗಾರರಿಗೆ ಶೂನ್ಯದಿಂದ ಬಂದದ್ದಲ್ಲ. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೋ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಪರಾಧಿಗಳಲ್ಲಿ ಕೆಲವರು ಹುಟ್ಟಿನಿಂದಲೇ ಹಾಗಿರುತ್ತಾರೆ, ತಲೆಬುರುಡೆ, ದವಡೆ, ಕಿವಿಗಳ ಆಕಾರ ನೋಡಿ ಅವರನ್ನು ಗುರುತಿಸಬಹುದು ಎಂದು ವಾದಿಸಿದ್ದ. ವಿದ್ವಾಂಸರು ಈ ವಾದವನ್ನು ಬಹಳ ಹಿಂದೆಯೇ ತಳ್ಳಿಹಾಕಿದರು. ಆದರೆ ಶಾಸ್ತ್ರದಿಂದ ಹೊರಬಿದ್ದ ಮಾತು ಜನರ ಮನಸ್ಸಿನಿಂದ ಅಷ್ಟು ಬೇಗ ಹೊರಬೀಳುವುದಿಲ್ಲ.

ಅಂಬೇವಾಡಿಯಲ್ಲಿ ಕುಳಿತು ಈ ಮೇಷ್ಟ್ರು ಹಾಲಿವುಡ್ಡಿನ ಜಾಡಿಯನ್ನೇಕೆ ಎತ್ತಿಕೊಂಡರು ಎಂದು ಓದುಗ ಮಿತ್ರರು ಕೇಳಬಹುದು. ಕಾರಣವಿದೆ. ಲೊಂಬ್ರೋಸೋನ ಪುಸ್ತಕಕ್ಕಿಂತ 5 ವರ್ಷ ಮೊದಲೇ, 1871ರಲ್ಲಿ, ನಮ್ಮನ್ನಾಳುತ್ತಿದ್ದ ಸರ್ಕಾರ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯನ್ನು ಜಾರಿಗೆ ತಂದಿತ್ತು. ಇಲ್ಲಿ ಜಾತಿಯೊಂದಕ್ಕೆ ಒಂದು ಕಸುಬು ಇರುವಂತೆ ಕೆಲವು ಪಂಗಡಗಳಿಗೆ ಕಳ್ಳತನವೇ ವಂಶಪಾರಂಪರ್ಯದ ಕಸುಬು ಎಂಬುದು ಅದರ ಹಿಂದಿನ ತರ್ಕ. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಕಾಯಿದೆಯನ್ನು 1911ರಲ್ಲಿ ಮುಂಬಯಿ, ಮದ್ರಾಸು ಪ್ರಾಂತ್ಯಗಳಿಗೂ ವಿಸ್ತರಿಸಿದರು. 1862ರಿಂದ ನಮ್ಮ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು, ಧಾರವಾಡ, ವಿಜಾಪುರ, ಬೆಳಗಾವಿಗಳಂತೆ. ಒಂದು ಪಂಗಡವನ್ನು ಪಟ್ಟಿಗೆ ಸೇರಿಸಿದರೆ ಆಯಿತು: ಅದರಲ್ಲಿ ಹುಟ್ಟಿದವನು ಏನನ್ನೂ ಕದಿಯದಿದ್ದರೂ ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸು ಪಡೆಯಬೇಕು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಇರಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಹರಣಶಿಕಾರಿ, ಕೊರವ, ಗಂಟಿಚೋರ ಮೊದಲಾದ ಪಂಗಡಗಳು ಈ ಬಲೆಗೆ ಬಿದ್ದವು. ಕಡೆಯ ಹೆಸರನ್ನು ಗಮನಿಸಿ. ತೊಟ್ಟಿಲಲ್ಲಿರುವ ಕೂಸಿಗೂ ‘ಚೋರ’ ಎಂಬ ಬಿರುದು.

ಮುಂಬಯಿ ಪ್ರಾಂತ್ಯದಲ್ಲಿ ಈ ಜನರನ್ನು ಒಂದೆಡೆ ಕೂಡಿಹಾಕಲು ‘ಸೆಟ್ಲಮೆಂಟು’ಗಳನ್ನು ತೆರೆದರು. ಅದರ ಮುಖ್ಯ ಅಧಿಕಾರಿಯಾಗಿದ್ದವನು ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥ ನೆಲೆಗಳಾದವು. ಸುತ್ತ ತಂತಿಬೇಲಿ, ಒಳಗೆ ಹಾಜರಿ, ಹೊರಗೆ ಹತ್ತಿಗಿರಣಿ ಮತ್ತು ರೈಲ್ವೆಯ ಕೂಲಿ. ಹುಬ್ಬಳ್ಳಿಯಲ್ಲಿ ಇಂದಿಗೂ ಆ ಭಾಗವನ್ನು ಜನ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ದಾಂಡೇಲಿಯಿಂದ ಸಂತೆಗೋ ದವಾಖಾನೆಗೋ ಹುಬ್ಬಳ್ಳಿಗೆ ಹೋಗಿಬರುವ ನಮ್ಮಲ್ಲಿ ಎಷ್ಟು ಜನ ಆ ಹೆಸರಿನ ಅರ್ಥವನ್ನು ಯೋಚಿಸಿದ್ದೇವೋ ಕಾಣೆ.

ಇತಿಹಾಸಕ್ಕೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಸೆಟ್ಲಮೆಂಟುಗಳಲ್ಲಿ ಶಾಲೆಗಳಿದ್ದವು, ಹುಡುಗರ ವಸತಿಗೃಹಗಳಿದ್ದವು, ಕೈಕಸುಬು ಕಲಿಸುತ್ತಿದ್ದರು. ಕಲಿತು ಮುಂದೆ ಬಂದವರೂ ಇದ್ದಾರೆ. ಆದರೆ ಇಲ್ಲಿಯ ವಿರೋಧಾಭಾಸವನ್ನು ನೋಡಿ. ಕಳ್ಳತನ ರಕ್ತದಲ್ಲೇ ಇದೆ ಎಂದು ಕಾಯಿದೆ ನಂಬಿದ್ದರೆ ಶಾಲೆ ತೆರೆದದ್ದೇಕೆ? ಶಾಲೆಯಿಂದ ಮನುಷ್ಯ ಬದಲಾಗುತ್ತಾನೆ ಎಂದು ನಂಬಿದ್ದರೆ ತಂತಿಬೇಲಿ ಹಾಕಿದ್ದೇಕೆ? ಈ ಪ್ರಶ್ನೆಗೆ ಸರ್ಕಾರ ಉತ್ತರ ಕೊಡಲಿಲ್ಲ.

ಅದೇ ಇಬ್ಬಂದಿತನ ಚಿತ್ರದಲ್ಲಿಯೂ ಇದೆ. ನೀನು ಬಳಸಿದ್ದು ಅಪರಾಧಿಯ ಮಿದುಳು ಎಂದು ವಾಲ್ಡ್‌ಮನ್ ತಿಳಿಸಿದಾಗ ಹೆನ್ರಿ ಒಂದು ಕ್ಷಣ ಬೆಚ್ಚಿ, ಆಮೇಲೆ, ಎಷ್ಟಾದರೂ ಅದು ಸತ್ತ ಮಾಂಸದ ತುಣುಕಷ್ಟೇ ಎಂದು ತೇಲಿಸಿಬಿಡುತ್ತಾನೆ. ಮುಂದಿನ ದೃಶ್ಯಗಳು ಹೆನ್ರಿಯ ಮಾತನ್ನೇ ಸಮರ್ಥಿಸುತ್ತವೆ. ಆ ಜೀವಿ ಮೊಟ್ಟಮೊದಲು ಮಾಡುವ ಕೆಲಸವೆಂದರೆ ಛಾವಣಿಯಿಂದ ಇಳಿದ ಬೆಳಕಿನತ್ತ ಕೈ ಚಾಚುವುದು. ಕೊಲ್ಲಲು ಶುರುಮಾಡುವುದು ಫ್ರಿಟ್ಸ್ ಅವನನ್ನು ಸರಪಳಿಯಲ್ಲಿ ಬಿಗಿದು ಚಾಟಿಯಿಂದ ಬಡಿದು, ಉರಿಯುವ ಪಂಜನ್ನು ಮುಖಕ್ಕೆ ಹಿಡಿದು ಪೀಡಿಸಿದ ಮೇಲೆ. ಕೆರೆಯ ದಂಡೆಯ ಪುಟ್ಟ ಹುಡುಗಿ ಮರಿಯಾ ಅವನಿಗೆ ಹೂ ಕೊಡುತ್ತಾಳೆ, ಇಬ್ಬರೂ ಹೂಗಳನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಹೂ ಮುಗಿದಾಗ ಅವಳೂ ತೇಲುವಳೆಂದು ಅವಳನ್ನೇ ಎತ್ತಿ ಹಾಕುತ್ತಾನೆ. ಮುಳುಗಿದಳೆಂದು ಅರಿವಾದಾಗ ಅವನ ಗಾಬರಿಯನ್ನು ನೋಡಬೇಕು. ಈ ದೃಶ್ಯದ ಕೊನೆಯ ಭಾಗವನ್ನು ಕತ್ತರಿಸಿ ಬಹುಕಾಲ ಚಿತ್ರವನ್ನು ತೋರಿಸಿದರು. ಫಲವೇನಾಯಿತು? ಅವನು ಕೈ ಚಾಚುವುದು ಕಾಣುತ್ತದೆ, ಮರುಗಳಿಗೆ ತಂದೆಯ ತೋಳಿನಲ್ಲಿ ಹೆಣ ಕಾಣುತ್ತದೆ. ನಡುವೆ ನಡೆದದ್ದನ್ನು ಪ್ರೇಕ್ಷಕರು ತಮ್ಮಿಷ್ಟದಂತೆ, ಅಂದರೆ ಇನ್ನೂ ಘೋರವಾಗಿ, ಕಲ್ಪಿಸಿಕೊಂಡರು. ತುಂಡಾದ ಭಾಗವನ್ನು ಮರಳಿ ಸೇರಿಸಿದ್ದು 1980ರ ದಶಕದಲ್ಲಿ.

ಪಾತ್ರಕ್ಕೆ ಜೀವ ಕೊಟ್ಟ ಬೋರಿಸ್ ಕಾರ್ಲಾಫ್‌ನ ವಿಷಯವನ್ನೂ ಹೇಳದಿರಲಾರೆ. ಅವನ ನಿಜನಾಮ ವಿಲಿಯಂ ಹೆನ್ರಿ ಪ್ರ್ಯಾಟ್. 1887ರಲ್ಲಿ ಲಂಡನ್ನಿನಲ್ಲಿ ಜನಿಸಿದವನು. ಮೈಬಣ್ಣದಲ್ಲಿಯೂ ಮುಖಲಕ್ಷಣದಲ್ಲಿಯೂ ಭಾರತದ ಛಾಯೆ ಇತ್ತು, ಏಕೆಂದರೆ ಅವನ ಪೂರ್ವಿಕರಲ್ಲಿ ಭಾರತೀಯರಿದ್ದರು. ತಂದೆ ಇಲ್ಲಿಯ ಉಪ್ಪಿನ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. ನಮ್ಮ ಜಿಲ್ಲೆಯ ಸಾಣಿಕಟ್ಟಾ ಉಪ್ಪಿಗೂ ಸುಂಕ ವಿಧಿಸುತ್ತಿದ್ದ ಆ ಸರ್ಕಾರದ್ದೇ ಚಾಕರಿ. ಅಜ್ಜಿಯ ತಂಗಿ ಆನಾ ಲಿಯೊನೊವೆನ್ಸ್. 1862ರಲ್ಲಿ ಸಯಾಮಿಗೆ ಹೋಗಿ ಅಲ್ಲಿಯ ಅರಮನೆಯ ಮಕ್ಕಳಿಗೆ ಪಾಠ ಹೇಳಿ ಹೆಸರಾದವಳು. ಈ ಶಿಕ್ಷಕಿ ಹುಟ್ಟಿದ್ದು 1831ರಲ್ಲಿ ಅಹಮದನಗರದಲ್ಲಿ, ಸಾಮಾನ್ಯ ಸೈನಿಕನೊಬ್ಬನ ಮಗಳಾಗಿ. ಲೋಕಕ್ಕೆ ಹೇಳಿಕೊಂಡದ್ದು ಮಾತ್ರ ವೇಲ್ಸಿನಲ್ಲಿ ಹುಟ್ಟಿದೆ, ತಂದೆ ದೊಡ್ಡ ಅಧಿಕಾರಿ ಎಂದು. ತನ್ನ ಒಡಹುಟ್ಟಿದವಳ ಸಂಪರ್ಕವನ್ನೂ ಕಡಿದುಕೊಂಡಳು. ಹುಟ್ಟಿನಿಂದಲೇ ಮನುಷ್ಯನ ಬೆಲೆ ಕಟ್ಟುವ ಕಾಲದಲ್ಲಿ ಹುಟ್ಟನ್ನೇ ಬಚ್ಚಿಡುವುದು ಆ ಕುಟುಂಬಕ್ಕೆ ಅನಿವಾರ್ಯವೆನಿಸಿರಬೇಕು. ಅಂಥ ಮನೆತನದ ಹುಡುಗ ಕೆನಡಾಕ್ಕೆ ಹೋಗಿ, ಲಾರಿ ಓಡಿಸಿ, ಚಿಕ್ಕಪುಟ್ಟ ಪಾತ್ರ ಮಾಡಿ, 44ರ ಹೊಸ್ತಿಲಲ್ಲಿ ರಾಕ್ಷಸನ ವೇಷದಿಂದ ಪ್ರಸಿದ್ಧನಾದ. ಆ ವೇಷ ಹಾಕಲು ದಿನವೂ ಸುಮಾರು ನಾಲ್ಕು ತಾಸು ಬೇಕಾಗುತ್ತಿತ್ತು. ಆ ಚಿತ್ರೀಕರಣದ ದಣಿವನ್ನು ಅವನು ಮರೆಯಲಿಲ್ಲ. 1933ರಲ್ಲಿ ಸ್ಥಾಪನೆಯಾದ ನಟರ ಸಂಘದ ಮೊದಲ ಸದಸ್ಯರಲ್ಲಿ ಅವನೂ ಒಬ್ಬ.

ಮುಂಬಯಿ ಪ್ರಾಂತ್ಯದಲ್ಲಿ ಆ ಕಾಯಿದೆ 1949ರಲ್ಲಿ ರದ್ದಾಯಿತು. ಇಡೀ ದೇಶದಲ್ಲಿ ರದ್ದಾದದ್ದು 1952ರ ಆಗಸ್ಟ್ 31ರಂದು. ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ ಸ್ವತಂತ್ರರಾದ ಆ ಜನ ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತಾರೆ. ಆದರೆ ಪಟ್ಟಿ ಹರಿದರೂ ನೋಟ ಹೋಗಲಿಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಯಾರದಾದರೂ ಪೆನ್ನೋ ಕಂಪಾಸ್ ಪೆಟ್ಟಿಗೆಯೋ ಕಾಣೆಯಾದರೆ ಮೊದಲು ತಡಕುತ್ತಿದ್ದುದು ಇಂಥದೊಂದು ಪಂಗಡದ ಹುಡುಗನ ಚೀಲವನ್ನು. ಒಂದು ದಿನವೂ ಏನೂ ಸಿಗಲಿಲ್ಲ. ಒಮ್ಮೆ ಫೀಸಿನ ಹಣ ಕಾಣೆಯಾಗಿ, ಹುಡುಗನನ್ನು ಹೊರಗೆ ನಿಲ್ಲಿಸಿ, ಸಂಜೆಗೆ ಆ ಹಣ ಹಾಜರಿ ಪುಸ್ತಕದ ನಡುವೆಯೇ ದೊರೆಯಿತು. ಸಿಬ್ಬಂದಿ ಕೊಠಡಿಯಲ್ಲಿ ಒಬ್ಬರು, “ಇವತ್ತು ಇಲ್ಲ ಅಂದ್ರ ಏನಾತು, ಅದು ರಕ್ತದಾಗ ಇರ್ತದ್ರೀ” ಎಂದರು. ಹುಡುಗ ಗಣಿತದಲ್ಲಿ ಚುರುಕಾಗಿದ್ದ. ಮರುವಾರದಿಂದ ಶಾಲೆಗೆ ಬರಲಿಲ್ಲ. ಅವನನ್ನು ಕರೆತರಲೆಂದು ನಾನು ಹೋಗುವಷ್ಟರಲ್ಲಿ ಆ ಮನೆಯವರು ಊರು ಬಿಟ್ಟಿದ್ದರು.

2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ ಕಾರಾಗೃಹಗಳ ಕೈಪಿಡಿಗಳಲ್ಲಿಯ ಜಾತಿ ತಾರತಮ್ಯದ ನಿಯಮಗಳನ್ನು ಅಸಾಂವಿಧಾನಿಕವೆಂದು ಸಾರಿತು. ವಿಮುಕ್ತ ಬುಡಕಟ್ಟುಗಳವರನ್ನು ಹುಟ್ಟಿನ ಆಧಾರದಿಂದ ರೂಢಿಗತ ಅಪರಾಧಿಗಳೆಂದು ಕಾಣುವುದನ್ನೂ ಆ ತೀರ್ಪು ಖಂಡಿಸಿತು. ಕಾಯಿದೆ ರದ್ದಾಗಿ 72 ವರ್ಷಗಳಾದ ಮೇಲೂ ಜೈಲಿನ ಕೈಪಿಡಿಗಳಲ್ಲಿ ಆ ಹಳೆಯ ಜಾಡಿ ಹಾಗೆಯೇ ಇತ್ತು.

ಜೇಮ್ಸ್ ವ್ಹೇಲ್ 1935ರಲ್ಲಿ ಈ ಚಿತ್ರದ ಮುಂದಿನ ಭಾಗವನ್ನು ಮಾಡಿದ. ಮೊದಲನೆಯದಕ್ಕಿಂತ ಅದೇ ಉತ್ತಮವೆಂದು ನನ್ನ ಮತ. ಅದರಲ್ಲಿ ಗಾಯಗೊಂಡ ಆ ಜೀವಿ ಕಾಡಿನ ಗುಡಿಸಲೊಂದರಲ್ಲಿ ಪಿಟೀಲು ನುಡಿಸುತ್ತಿರುವ ಕುರುಡ ಮುದುಕನ ಬಳಿಗೆ ಬರುತ್ತದೆ. ಮುದುಕನಿಗೆ ಅವನ ಮುಖ ಕಾಣದು. ಗಾಯ ಕಟ್ಟಿ, ಊಟವಿಕ್ಕಿ, ಒಂದೊಂದೇ ಶಬ್ದವನ್ನು ಬಾಯಿಗೆ ಹಚ್ಚಿ ಕಲಿಸುತ್ತಾನೆ: ರೊಟ್ಟಿ, ಬೆಂಕಿ, ಗೆಳೆಯ. ಕೆಟ್ಟ ಮಿದುಳಿನವನೆಂದು ಹಿಂದಿನ ಚಿತ್ರ ಸಾರಿದ್ದ ಆ ವಿದ್ಯಾರ್ಥಿ ತಡವರಿಸುತ್ತ ಎಲ್ಲವನ್ನೂ ಕಲಿಯುತ್ತಾನೆ. ಪಾಠ ಇನ್ನೂ ನಡೆಯುತ್ತಿರುವಾಗ ದಾರಿ ತಪ್ಪಿದ ಇಬ್ಬರು ಬೇಟೆಗಾರರು ಬಾಗಿಲಿಗೆ ಬಂದು ಅವನ ಮುಖವನ್ನು ಗುರುತಿಸುತ್ತಾರೆ. ಆ ಗಲಾಟೆಯಲ್ಲಿ ಗುಡಿಸಲು ಹೊತ್ತಿ ಉರಿಯುತ್ತದೆ, ಮುದುಕನನ್ನು ಅವರು ಹೊರಗೆ ಕರೆದೊಯ್ಯುತ್ತಾರೆ. ಬೆಂಕಿಯ ನಡುವಿನಿಂದ ಹೊರಬಂದ ಶಿಷ್ಯ ಹೊಸದಾಗಿ ಕಲಿತ ಶಬ್ದವನ್ನು ಕೂಗುತ್ತ ಗುರುವನ್ನು ಹುಡುಕುತ್ತಾನೆ.