ಮತವಿಲ್ಲದವರ ಪರವಾಗಿ
(ಬಾನುಲಿ ಭಾಷಣ)

ಚುನಾವಣೆಯ ಫಲಿತಾಂಶವು ಕೆಲವು ದಿನಗಳಲ್ಲಿ ತಿಳಿಯುತ್ತದೆ. ಅದರ ಫಲವನ್ನು ತಿಳಿಯಲು ಕೆಲವೊಮ್ಮೆ ಒಂದು ತಲೆಮಾರೇ ಕಳೆಯಬೇಕಾಗುತ್ತದೆ.

1840ರಲ್ಲಿ ಜೇಮ್ಸ್ ಬರ್ನಿ ಎಂಬುವರು ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದರು. ಕೆಂಟಕಿಯಲ್ಲಿ ಹುಟ್ಟಿ, ತಾವೇ ಗುಲಾಮರ ಒಡೆಯರಾಗಿದ್ದು, ಮನಃಪರಿವರ್ತನೆಯಾಗಿ ಅವರನ್ನು ಬಿಡುಗಡೆ ಮಾಡಿದ್ದವರು. ದೊಡ್ಡ ಪಕ್ಷಗಳೆರಡೂ ಗುಲಾಮಗಿರಿಯ ಮಾತೆತ್ತಲು ಅಂಜುತ್ತಿದ್ದಾಗ ಅವರ ಲಿಬರ್ಟಿ ಪಕ್ಷವು ಆ ಮಾತನ್ನೇ ಮುಂದಿಟ್ಟಿತು. ದೊರೆತದ್ದು ಸುಮಾರು 7,000 ಮತಗಳು. 1844ರಲ್ಲಿ ಸುಮಾರು 62,000. ಎರಡು ಸಲವೂ ಸೋಲು. ಯಾರ ಬಿಡುಗಡೆಗಾಗಿ ಹೋರಾಟ ನಡೆದಿತ್ತೋ ಅವರಿಗೆ ಮತವೇ ಇರಲಿಲ್ಲ! ಆದರೂ ಆ ಪ್ರಶ್ನೆ ಅಡಗಲಿಲ್ಲ. 1860ರಲ್ಲಿ ಲಿಂಕನ್ನರು ಗೆದ್ದರು; ಅಂತರ್ಯುದ್ಧದ ಕೊನೆಗೆ, 1865ರಲ್ಲಿ, ಸಂವಿಧಾನವೇ ಗುಲಾಮಗಿರಿಯನ್ನು ನಿಷೇಧಿಸಿತು. 1857ರಲ್ಲೇ ತೀರಿಕೊಂಡಿದ್ದ ಬರ್ನಿಯವರು ಅದನ್ನು ಕಾಣಲಿಲ್ಲ.

ಈ ಚರಿತ್ರೆಯನ್ನು ಓದುವಾಗ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರು ನೆನಪಾಗುತ್ತಾರೆ. ಕೋಲಾರದ ಚಿನ್ನದ ಗಣಿ ಪ್ರದೇಶದ ಆ ಹಳ್ಳಿಯಲ್ಲಿ ಅವರು ಹುಟ್ಟಿದ್ದು 1902ರಲ್ಲಿ. ಮೈಸೂರಿನ ಪ್ರಜೆಗಳು ಗುಲಾಮರಾಗಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಹರಾಜಿನಲ್ಲಿ ಮಾರಾಟವಾದ ಆ ಜನರ ನೋವಿಗೆ ಅನ್ಯಾಯವಾದೀತು. ಹೋಲಿಕೆ ಇರುವುದು ಬೇರೆಡೆ. 1881ರಿಂದ ನಮ್ಮಲ್ಲಿ ಪ್ರಜಾಪ್ರತಿನಿಧಿ ಸಭೆ ಇದ್ದರೂ ಬಡವನಿಗೆ ಮತವಿರಲಿಲ್ಲ. ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು. ಅವರನ್ನು ಇಳಿಸುವ ಅಧಿಕಾರ ಸಭೆಗಿರಲಿಲ್ಲ. ಬರ್ನಿಯವರಿಗೆ ಮತಗಳು ಸಾಲದೆ ಹೋದವು. ರೆಡ್ಡಿಯವರ ಕಾಲದ ಮೈಸೂರಿನಲ್ಲಿ ಪ್ರಜೆಗಳ ಮತದಿಂದ ಗೆಲ್ಲಬಹುದಾದ ಅಂಥ ಪದವಿಯೇ ಇರಲಿಲ್ಲ. ಅದನ್ನು ಸೃಷ್ಟಿಸುವುದೇ ಅವರ ರಾಜಕಾರಣವಾಯಿತು.

1930ರ ದಶಕದಲ್ಲಿ ಅವರ ಪ್ರಜಾಪಕ್ಷವು ಪ್ರಜಾಮಿತ್ರ ಮಂಡಲಿಯೊಡನೆ ಬೆರೆತು, ಮುಂದೆ ಕಾಂಗ್ರೆಸ್ಸಿನಲ್ಲಿ ಸೇರಿತು. ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಹಳ್ಳಿಗಳ ಬಲ ಬಂದಿತು. 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ವಿದುರಾಶ್ವತ್ಥದಲ್ಲಿ, ಗುಂಡಿನೇಟಿಗೆ ಜನ ಪ್ರಾಣ ತೆತ್ತರು.

ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಮುಂದುವರಿಯಿತು. 1947ರ ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ರೆಡ್ಡಿಯವರು ಸೆರೆಮನೆ ಸೇರಿದರು. ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಮೈಸೂರಿನ ವೃತ್ತವೊಂದು ಇಂದಿಗೂ ಹೊತ್ತಿದೆ. ಎರಡು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 25ರಂದು, ರೆಡ್ಡಿಯವರು ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾದರು.

ಆಗಲೂ ಎಲ್ಲರಿಗೂ ಮತ ದೊರೆತಿರಲಿಲ್ಲ. ಅದು ದೊರೆತದ್ದು ಗಣರಾಜ್ಯದ ಮೊದಲ ಮಹಾಚುನಾವಣೆಯಲ್ಲಿ. ಗಣಿಯ ಸುರಂಗಕ್ಕಿಳಿಯುವ ಕಾರ್ಮಿಕನಿಗೂ ಅವನ ಮಡದಿಗೂ ಕ್ಯಾಸಂಬಳ್ಳಿಯ ಜಮೀನುದಾರನಿಗೂ ಒಂದೊಂದೇ ಮತ. ಆ ಚುನಾವಣೆಯ ಬಳಿಕ, 1952ರ ಮಾರ್ಚಿನಲ್ಲಿ, ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾದರು. ರೆಡ್ಡಿಯವರು ಸ್ಥಾನ ಬಿಟ್ಟುಕೊಟ್ಟರು. ಇದನ್ನು ಅವರ ಸೋಲೆನ್ನಲಾಗದು. ಅಧಿಕಾರದಲ್ಲಿರುವವರನ್ನು ಪ್ರಜೆಗಳು ಬದಲಿಸಬಲ್ಲ ವ್ಯವಸ್ಥೆ ಬರಬೇಕೆಂದೇ ಅಲ್ಲವೇ ಅವರು ಹೋರಾಡಿದ್ದು?