ಜರ್ಮನ್ ಸೈನಿಕ ರೈಫಲುಗಳಲ್ಲಿ ಬಿಡಿಭಾಗಗಳ ಸಂಖ್ಯಾಸಾಮ್ಯ

ಒಂದು ರೈಫಲಿನ ಬಿಡಿಭಾಗಗಳೆಲ್ಲವೂ ಕಾರ್ಖಾನೆಯಿಂದ ಒಟ್ಟಾಗಿ ಹೊರಬಂದವುಗಳೋ, ಅಥವಾ ತರುವಾಯದ ಕಾಲದಲ್ಲಿ ಬೇರೆ ಬೇರೆ ಆಯುಧಗಳಿಂದ ಬಂದು ಒಂದೆಡೆ ಕೂಡಿಕೊಂಡವುಗಳೋ ಎಂಬುದನ್ನು, ಅವುಗಳ ಮೇಲೆ ಒತ್ತಲಾದ ಅಂಕಗಳಿಂದಲೂ ಪರೀಕ್ಷಕರ ಮುದ್ರೆಗಳಿಂದಲೂ ನಿರ್ಣಯಿಸುವ ಕ್ರಮವು ಪ್ರಾಚೀನ ಶಸ್ತ್ರಗಳ ಅಧ್ಯಯನದಲ್ಲಿ ಮುಖ್ಯವಾದ ಒಂದು ಅಂಗ. ಇದು ಎಲ್ಲ ದೇಶಗಳ ಆಯುಧಗಳಿಗೂ ಅನ್ವಯಿಸತಕ್ಕದ್ದೇ ಆದರೂ, ತಿರುಪುಮೊಳೆಯ ತಲೆಯವರೆಗೂ ಸಂಖ್ಯೆಯನ್ನು ಒತ್ತುತ್ತಿದ್ದ ಜರ್ಮನ್ ಸೈನ್ಯದ ಮೌಸರ್ ರೈಫಲುಗಳ ವಿಷಯದಲ್ಲಿ ಇದಕ್ಕೆ ವಿಶೇಷವಾದ ಸೂಕ್ಷ್ಮತೆ ಒದಗಿದೆ.

ಸಂಖ್ಯೆ ಹಾಕುವ ಪದ್ಧತಿ ಹುಟ್ಟಿದ್ದು ಅವಶ್ಯಕತೆಯಿಂದ. ನೆಕ್ಕರ್ ನದಿಯ ದಡದ ಓಬರ್ನ್‌ಡಾರ್ಫಿನಲ್ಲಿ ಪೌಲ್ ಮೌಸರನು ರೂಪಿಸಿದ, 1898ರಲ್ಲಿ ಸೈನ್ಯವು ಅಂಗೀಕರಿಸಿದ ಗೆವೇರ್ 98 ಎಂಬ ರೈಫಲಿನಲ್ಲಿ, ಬೋಲ್ಟಿನ ಮುಂದುಗಡೆಯ ಎರಡು ಕಿವಿಗಳು ರಿಸೀವರಿನ ಒಳಗಣ ಆಸನಗಳಲ್ಲಿ ಸರಿಯಾಗಿ ಕುಳಿತಾಗಲೇ ತೋಟೆಯ ಹಿಂಬದಿಗೆ ತಕ್ಕ ಆಧಾರ ದೊರೆಯುವುದು. ಬೋಲ್ಟಿಗೂ ತೋಟೆಯ ಹಿಂಬದಿಗೂ ನಡುವಣ ಅಂತರವು ಮಿತಿಯನ್ನು ಮೀರಿ ಹೆಚ್ಚಿತಾದರೆ ತೋಟೆಯ ಹಿತ್ತಾಳೆ ಸೀಳಿ, ಉರಿಯುವ ಅನಿಲವು ಹಿಮ್ಮುಖವಾಗಿ ನುಗ್ಗುವ ಸಂಭವವುಂಟು. ಕೈಯಿಂದ ಅರ ಹಾಕಿ ಹೊಂದಿಸಿದ ಬೋಲ್ಟು ಇನ್ನೊಂದು ರೈಫಲನ್ನು ಸೇರಬಾರದೆಂಬುದೇ ಅಂಕಗಳ ಮೂಲೋದ್ದೇಶ. ಅದಕ್ಕೂ ಹಿಂದಿನ 1888ರ ಮಾದರಿಯಲ್ಲಿ ಬೋಲ್ಟಿನ ತಲೆಯೇ ಪ್ರತ್ಯೇಕವಾದೊಂದು ತುಂಡಾಗಿದ್ದು, ಬೋಲ್ಟನ್ನು ಹೊರತೆಗೆದಾಗ ಕಳಚಿ ಬಿದ್ದು ಕಳೆದುಹೋಗುವುದು ಸಾಮಾನ್ಯವಾಗಿದ್ದುದರಿಂದ, ಆ ರೈಫಲುಗಳಲ್ಲಿ ಇಂದಿಗೂ ಮೊದಲು ನೋಡಬೇಕಾದ ಭಾಗ ಅದೇ.

ಕ್ರಮಸಂಖ್ಯೆಯ ರಚನೆಯನ್ನು ಅರಿಯದೆ ಈ ಪರೀಕ್ಷೆಗೆ ಇಳಿಯುವುದು ವ್ಯರ್ಥ. ಪ್ರತಿಯೊಂದು ಕಾರ್ಖಾನೆಯೂ ವರ್ಷಾರಂಭದಲ್ಲಿ ಒಂದರಿಂದ ಎಣಿಕೆಯನ್ನು ಪ್ರಾರಂಭಿಸಿ, ಹತ್ತು ಸಾವಿರದ ಮಟ್ಟ ಮುಟ್ಟಿದೊಡನೆ ವರ್ಣಮಾಲೆಯ ಒಂದು ಅಕ್ಷರವನ್ನು ಸೇರಿಸಿ ಮತ್ತೆ ಮೊದಲಿನಿಂದ ಎಣಿಸುತ್ತಿತ್ತು. ಆದಕಾರಣ ಒಂದೇ ಸಂಖ್ಯೆಯು ಬೇರೆ ಬೇರೆ ವರ್ಷಗಳ, ಬೇರೆ ಬೇರೆ ಕಾರ್ಖಾನೆಗಳ ಅನೇಕ ರೈಫಲುಗಳ ಮೇಲೆ ಕಾಣಿಸಿಕೊಳ್ಳಬಹುದು. ಸಂಖ್ಯೆ, ಅಕ್ಷರ, ವರ್ಷ, ಕಾರ್ಖಾನೆ ಈ ನಾಲ್ಕೂ ಕೂಡಿದಲ್ಲದೆ ಆಯುಧದ ಗುರುತು ಪೂರ್ಣವಾಗದು. ರಿಸೀವರು ಮತ್ತು ನಳಿಗೆಗಳ ಮೇಲೆ ಸಂಪೂರ್ಣ ಸಂಖ್ಯೆ ಇರುವುದು. ಸುರಕ್ಷಾಕೀಲು, ಗುರಿಪಟ್ಟಿಯ ಜಾರುತುಂಡು, ಖಾಲಿ ತೋಟೆಯನ್ನು ಹೊರಗೆಳೆಯುವ ಕೊಕ್ಕೆ ಮೊದಲಾದ ಚಿಕ್ಕ ಭಾಗಗಳ ಮೇಲೆ ಕೊನೆಯ ಎರಡು ಅಂಕಗಳು ಮಾತ್ರ.

ಇಲ್ಲಿಯೇ ಪರೀಕ್ಷಕನ ಮೊದಲ ಎಚ್ಚರಿಕೆ ಬೇಕಾಗುವುದು. 4371 ಎಂಬ ಸಂಖ್ಯೆಯ ರೈಫಲಿಗೆ ಯಾವುದೋ ಪರಕೀಯ ಕೊಕ್ಕೆಯೊಂದನ್ನು ತೊಡಿಸಿದರೆ, ಅದರ ಮೇಲೂ 71 ಎಂದೇ ಇರುವ ಸಂಭವ ನೂರರಲ್ಲಿ ಒಂದರಷ್ಟು ಉಂಟು. ಬಿಡಿಭಾಗಗಳ ರಾಶಿಯನ್ನೇ ಮುಂದಿಟ್ಟುಕೊಂಡು ಕೂತ ವ್ಯಾಪಾರಿಗೆ ಆ ಒಂದನ್ನು ಹುಡುಕಿ ತೆಗೆಯುವುದು ಕಷ್ಟವೇನಲ್ಲ. ಆದ್ದರಿಂದ ಅಂಕಗಳ ಪಕ್ಕದಲ್ಲಿರುವ ಪರೀಕ್ಷಾಮುದ್ರೆಯನ್ನೂ ಭೂತಗನ್ನಡಿಯಲ್ಲಿ ಓದಬೇಕು. ಚಕ್ರವರ್ತಿಯ ಕಾಲದ ರೈಫಲುಗಳಲ್ಲಿ ಈ ಮುದ್ರೆ ಕಿರೀಟದ ಕೆಳಗಿನ ಒಂದು ಹಳೆಯ ಜರ್ಮನ್ ಲಿಪಿಯ ಅಕ್ಷರ. 1935ರಲ್ಲಿ ಅಂಗೀಕೃತವಾದ, 600 ಮಿಲಿಮೀಟರ್ ನಳಿಗೆಯ ಕರಾಬಿನರ್ 98ಕೆ ಮಾದರಿಯಲ್ಲಿ ಹದ್ದಿನ ಚಿತ್ರ ಹಾಗೂ ಅದರ ಕೆಳಗೆ ಆಯುಧ ಇಲಾಖೆಯ ಪರೀಕ್ಷಾ ತಂಡದ ಸಂಖ್ಯೆ. ಓಬರ್ನ್‌ಡಾರ್ಫಿನ ಕರಾಬಿನರುಗಳ ಮೇಲೆ ಕಾಲಕ್ರಮದಲ್ಲಿ 63, 655, 135 ಎಂಬ ತಂಡಸಂಖ್ಯೆಗಳು ಬರುತ್ತವೆ. ಅಂತಹ ರೈಫಲಿನಲ್ಲಿ ಸುಲ್ ನಗರದ ಸೌವರ್ ಕಾರ್ಖಾನೆಗೆ ಸೇರಿದ 359 ಎಂಬ ಮುದ್ರೆಯ ಕೊಕ್ಕೆ ಕಂಡುಬಂದರೆ, ಅಂಕಗಳು ಒಪ್ಪಿದರೂ ಸಂಶಯ ತಾಳುವುದು ನ್ಯಾಯ. ಕಾರ್ಖಾನೆಗಳು ಪರಸ್ಪರ ಬಿಡಿಭಾಗಗಳನ್ನು ಪಡೆಯುತ್ತಿದ್ದುದೂ ಉಂಟಾದ್ದರಿಂದ, ಸಂಶಯವನ್ನೇ ನಿರ್ಣಯವೆಂದು ತಿಳಿಯಬಾರದು. ಕಾರ್ಖಾನೆಯ ಹೆಸರೂ ಆಗ ಗುಪ್ತಸಂಕೇತದಲ್ಲಿತ್ತು: ವೆರ್ಸೈ ಒಪ್ಪಂದದ ಕಣ್ತಪ್ಪಿಸಿ ನಡೆದ ಶಸ್ತ್ರೋತ್ಪಾದನೆಯಲ್ಲಿ ಓಬರ್ನ್‌ಡಾರ್ಫು 'ಎಸ್/42' ಎನಿಸಿ, 1934ನೆಯ ವರ್ಷ 'ಕೆ' ಎಂದೂ 1935 'ಜಿ' ಎಂದೂ ಬರೆಯಲ್ಪಟ್ಟಿತು, 1941ರಿಂದ ಅದೇ ಕಾರ್ಖಾನೆ 'ಬಿವೈಎಫ್' ಆಯಿತು.

ಭಾಗಗಳು ಬೆರೆತುಹೋದ ಇತಿಹಾಸವು ಜರ್ಮನಿಯ ಇತಿಹಾಸದ ಜೊತೆಜೊತೆಗೇ ಸಾಗುತ್ತದೆ. ಮೊದಲ ಮಹಾಯುದ್ಧದ ಉತ್ತರಾರ್ಧದಲ್ಲಿ, ಅನೇಕ ಸಣ್ಣ ಕಾರ್ಖಾನೆಗಳು ಒದಗಿಸಿದ ಭಾಗಗಳನ್ನು ಒಂದೆಡೆ ಜೋಡಿಸಿ ತಯಾರಿಸಿದ ರೈಫಲುಗಳ ರಿಸೀವರಿನ ಮೇಲೆ ನಕ್ಷತ್ರದ ಮುದ್ರೆಯನ್ನು ಒತ್ತಿ, ಇವುಗಳ ಭಾಗಗಳು ಇತರ ರೈಫಲುಗಳಿಗೆ ಹೊಂದದೆಹೋಗಬಹುದೆಂದು ಸೈನ್ಯವೇ ಎಚ್ಚರಿಸಿತು. ಯುದ್ಧಾನಂತರ ಒಂದು ಲಕ್ಷ ಸೈನಿಕರಿಗೆ ಮಿತಗೊಳಿಸಲ್ಪಟ್ಟ ಸೈನ್ಯವು ಉಳಿಸಿಕೊಂಡ ಆಯುಧಗಳ ಮೇಲೆ '1920' ಎಂಬ ಸ್ವಾಮ್ಯಮುದ್ರೆ ಬಿದ್ದಿತು. ಶಸ್ತ್ರಾಗಾರಗಳಲ್ಲಿ ದುರಸ್ತಿಯಾಗುವಾಗ ಹಳೆಯ ಅಂಕವನ್ನು ಅಡ್ಡಗೀಟಿನಿಂದ ಹೊಡೆದುಹಾಕಿ ಹೊಸದನ್ನು ಪಕ್ಕದಲ್ಲಿ ಒತ್ತಿದುದೂ ಉಂಟು. ಇಂತಹ ರೈಫಲನ್ನು ಬೆರಕೆಯೆಂದು ತಳ್ಳಿಹಾಕುವವರ ಅವಸರ ಖೇದಕರವಾದದ್ದು. ಆ ಗೀಟು ಸೈನ್ಯದ ಕುಶಲಕರ್ಮಿಯೇ ಎಳೆದದ್ದು, ಅಂಕವೂ ಅವನದೇ, ಆಯುಧದ ಸೇವಾವಧಿಗೆ ಸೇರಿದ ಸಾಕ್ಷ್ಯವೇ ಅದು.

1945ರ ಶರಣಾಗತಿಯ ಅನಂತರ ಬೆರಕೆ ಅಪಾರವಾಯಿತು. ಅಪಾಯ ತಪ್ಪಿಸಲೆಂದು ಬೋಲ್ಟುಗಳನ್ನು ಕಳಚಿ ಬೇರೆ ರಾಶಿ ಹಾಕಿದ ಕಡೆಗಳಲ್ಲಿ, ಅಮೆರಿಕದ ಸೈನಿಕರು ಕೈಗೆ ಸಿಕ್ಕ ರೈಫಲಿಗೆ ಕೈಗೆ ಸಿಕ್ಕ ಬೋಲ್ಟನ್ನು ಸೇರಿಸಿ ಮನೆಗೆ ಒಯ್ದರು. ಆದುದರಿಂದ ಬೋಲ್ಟೊಂದನ್ನುಳಿದು ಮಿಕ್ಕೆಲ್ಲ ಅಂಕಗಳೂ ಒಪ್ಪುವ ರೈಫಲುಗಳು ಅಮೆರಿಕದಲ್ಲಿ ವಿರಳವಲ್ಲ. ಸೋವಿಯೆಟ್ ಶಸ್ತ್ರಾಗಾರಗಳಲ್ಲಿ ವಶಪಡಿಸಿಕೊಂಡ ರೈಫಲುಗಳನ್ನು ಪೂರ್ಣವಾಗಿ ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ಕಪ್ಪುಬಣ್ಣದಲ್ಲಿ ಅದ್ದಿ, ಮರಕ್ಕೆ ಅರಗಿನ ಮೆರುಗು ಬಳಿದು, ಸಿಕ್ಕಿದ ಬೋಲ್ಟಿನ ಮೇಲೆ ರಿಸೀವರಿನ ಸಂಖ್ಯೆಯನ್ನು ವಿದ್ಯುತ್ ಲೇಖನಿಯಿಂದ ಗೀಚಿ ಕೂಡಿಸಿದರು. ಯುಗೋಸ್ಲಾವಿಯದಲ್ಲಿಯೂ ಇದೇ ಬಗೆಯ ನವೀಕರಣ ನಡೆಯಿತು. ನಾರ್ವೆಯಲ್ಲಿ ಉಳಿದುಹೋದ ರೈಫಲುಗಳಿಗೆ ಅಮೆರಿಕದ ತೋಟೆಗೆ ತಕ್ಕ ನಳಿಗೆಯನ್ನೂ, ಇಸ್ರೇಲಿನಲ್ಲಿ ನ್ಯಾಟೋದ 7.62 ಮಿಲಿಮೀಟರ್ ತೋಟೆಗೆ ತಕ್ಕ ನಳಿಗೆಯನ್ನೂ ತೊಡಿಸಲಾಯಿತು.

ಇವೆಲ್ಲವುಗಳಿಗಿಂತ ಭಿನ್ನವಾದದ್ದು ಸಂಗ್ರಾಹಕರ ಕಾಲದ ವಂಚನೆ. ಅಂಕಗಳೆಲ್ಲ ಒಪ್ಪುವ ರೈಫಲಿಗೆ ಬೆಲೆ ಏರಿದ ಮೇಲೆ, ಹಳೆಯ ಅಂಕವನ್ನು ಅರದಿಂದ ಉಜ್ಜಿ ತೆಗೆದು ಬೇಕಾದ ಅಂಕವನ್ನು ಒತ್ತುವವರು ಹುಟ್ಟಿಕೊಂಡರು. ಉಜ್ಜಿದ ಕಡೆ ಉಕ್ಕಿನ ಮೈ ತುಸು ತಗ್ಗಾಗಿರುತ್ತದೆ. ನೀಲಿಬಣ್ಣ ಹಾಕಿದ ಮೇಲೆ ಒತ್ತಿದ ಅಂಕದ ತಳವು ಬಿಳಿಯಾಗಿ ಹೊಳೆಯುತ್ತದೆ, ಅದರ ಅಂಚಿನಲ್ಲಿ ಉಬ್ಬಿದ ಲೋಹವನ್ನು ಬೆರಳ ತುದಿಯೇ ಗುರುತಿಸಬಲ್ಲದು. ಅಂಕಗಳ ಆಕಾರವೂ ಸಾಕ್ಷಿ ನುಡಿಯುತ್ತದೆ: ರಿಸೀವರಿನ ಮೇಲಣ ನಾಲ್ಕಕ್ಕೂ ಬೋಲ್ಟಿನ ಮೇಲಣ ನಾಲ್ಕಕ್ಕೂ ಗೆರೆಯ ಓರೆ, ದಪ್ಪ, ತುದಿಗಳ ಮುಗಿವು ಬೇರೆಯಾದರೆ ಒಂದೇ ಕಾರ್ಖಾನೆಯ ಅಚ್ಚು ಅವೆರಡನ್ನೂ ಒತ್ತಿತೆಂದು ಹೇಳಲಾಗದು. ಪ್ರಾಮಾಣಿಕವಾಗಿ ಬೆರೆತ ರೈಫಲು ತನ್ನ ಇತಿಹಾಸವನ್ನು ಹೇಳುತ್ತದೆ. ಹೀಗೆ ತಿದ್ದಿದ ರೈಫಲಾದರೋ ಇದ್ದ ಇತಿಹಾಸವನ್ನೂ ಕಳೆದುಕೊಳ್ಳುತ್ತದೆ, ಅದನ್ನು ಮರಳಿ ಪಡೆಯುವ ಉಪಾಯವಿಲ್ಲ.

ಅಂಕವಿಲ್ಲದ ಮಾತ್ರಕ್ಕೆ ಭಾಗವು ಪರಕೀಯವಾಗದು. ಎರಡನೆಯ ಮಹಾಯುದ್ಧದ ಕೊನೆಯ ಕಾಲದಲ್ಲಿ ಉತ್ಪಾದನೆಯ ತ್ವರೆಗಾಗಿ ಚಿಕ್ಕ ಭಾಗಗಳಿಗೆ ಅಂಕ ಒತ್ತುವುದನ್ನೇ ಕೈಬಿಡಲಾಯಿತು. ಬಂಧಪಟ್ಟಿಗಳು ತಗಡಿನವಾಗಿ ತಿರುಪುಮೊಳೆಯಿಂದ ಬಿಗಿಯಲ್ಪಟ್ಟವು, ಸನೀನು ಸಿಕ್ಕಿಸುವ ಕೊಂಡಿಯೂ ಮಾಯವಾಯಿತು. ಅಂತಹ ರೈಫಲಿನಲ್ಲಿ ಎಲ್ಲ ಭಾಗಗಳಿಗೂ ಅಂಕಗಳಿದ್ದರೆ ಅದೇ ಅನುಮಾನಕ್ಕೆ ಕಾರಣ. ಇದಕ್ಕೆ ಪ್ರತಿಯಾಗಿ, ಪದರಗಳನ್ನು ಅಂಟಿಸಿ ಮಾಡಿದ ಮರದ ಒಡಲು 1930ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ಬಂದದ್ದಾದ್ದರಿಂದ, 1935ರ ಗುರುತಿನ ಕರಾಬಿನರಿಗೆ ಅದು ತೊಡಿಸಿದ್ದರೆ, ಆಕ್ರೋಟು ಮರದ ಮೂಲ ಒಡಲು ಸೇವಾಕಾಲದಲ್ಲೋ ಆಮೇಲೋ ಬದಲಾಯಿತೆಂದೇ ತಿಳಿಯಬೇಕು. ಯಾವಾಗ ಎಂಬುದನ್ನು ನಳಿಗೆ ಕೂರುವ ಕಾಲುವೆಯಲ್ಲಿ ಒತ್ತಿದ ಅಂಕಗಳೂ, ಹಿಂಬದಿಯ ಮರದ ಮೇಲಣ ಹದ್ದಿನ ಮುದ್ರೆಗಳೂ ಅನೇಕ ವೇಳೆ ತಿಳಿಸಿಕೊಡುತ್ತವೆ.