ಹೆಸರು ಒಂದೇ, ಚಿತ್ರ ಯಾವುದು?

ಹಲಸೂರು ಎಂದರೂ ಅದೇ, ಅಲ್ಸೂರ್ ಎಂದರೂ ಅದೇ. ಬ್ಲ್ಯಾಕ್‌ಪಲ್ಲಿ ಶಿವಾಜಿನಗರವಾಯಿತು. ಫ್ರೇಜರ್ ಟೌನಿಗೆ ಪುಲಕೇಶಿನಗರ ಎಂಬ ಹೆಸರು ಬಂತು. 1809ರಲ್ಲಿ ದಂಡು ನೆಲೆಯೂರಿದ ಮೇಲೆ ತಮಿಳು, ಉರ್ದು, ಇಂಗ್ಲಿಷ್, ಕನ್ನಡ ಎಲ್ಲವೂ ಬೆರೆತ ಪೂರ್ವ ಬೆಂಗಳೂರಿನವರಿಗೆ ಒಂದೇ ಜಾಗಕ್ಕೆ ಎರಡು ಹೆಸರಿರುವುದು ಹೊಸತಲ್ಲ. ಆದರೆ ಕಂಪ್ಯೂಟರಿಗೆ ಈ ಬಳಕೆಯ ಜ್ಞಾನ ಎಲ್ಲಿಂದ ಬರಬೇಕು? ಅಕ್ಷರ ಬದಲಾದರೆ ಅದಕ್ಕೆ ಊರೇ ಬೇರೆ. ಸಿನಿಮಾ ಹೆಸರುಗಳ ಪಾಡೂ ಇದೇ.

ಬ್ರಿಟನ್ನಿನ ಕಾಲ್ ನೀಧಮ್ ಎಂಬ ಚಿತ್ರಪ್ರೇಮಿ 1990ರಲ್ಲಿ ಚಲನಚಿತ್ರಗಳ ಪಟ್ಟಿಗಳನ್ನು ಹುಡುಕಲು ಬರುವಂತೆ ಮಾಡಿದರು. ಐಎಂಡಿಬಿ ಎಂಬ ಬೃಹತ್ ಸಿನಿಮಾ ಕೋಶ ಹುಟ್ಟಿದ್ದು ಹೀಗೆ. 1998ರಲ್ಲಿ ಅದು ಅಮೆಜಾನ್ ಕಂಪೆನಿಯ ಪಾಲಾಯಿತು. ಈ ಕೋಶದಿಂದ ಮಾಹಿತಿ ತರಲು ಪೈಥಾನ್ ಭಾಷೆಯಲ್ಲಿ ಒಂದು ‘ಲೈಬ್ರರಿ’ ಇದೆ. ಇಲ್ಲಿ ಲೈಬ್ರರಿ ಎಂದರೆ ಗ್ರಂಥಾಲಯವಲ್ಲ, ಪ್ರೋಗ್ರಾಮುಗಳಲ್ಲಿ ಬಳಸಲು ಮೊದಲೇ ಬರೆದಿಟ್ಟ ಸೂಚನೆಗಳ ಕಟ್ಟು. ಐಎಂಡಿಬಿಪೈ ಎಂದಿದ್ದ ಅದರ ಹೆಸರು ಈಗ ಸಿನಿಮಾಗೋಯರ್. ಹೆಸರು ಹುಡುಕುವ ಸಾಧನವೇ ಹೆಸರು ಬದಲಿಸಿಕೊಂಡಿದೆ!

ಚಿತ್ರದ ಹೆಸರು ಕೊಟ್ಟರೆ ಈ ಲೈಬ್ರರಿ ಒಂದು ಪಟ್ಟಿ ನೀಡುತ್ತದೆ. ಅವಸರದವರು ಮೊದಲನೆಯದನ್ನೇ ಸರಿಯೆಂದು ಭಾವಿಸುತ್ತಾರೆ. ಎಡವುವುದು ಅಲ್ಲೇ. ‘ವಸಂತಸೇನಾ’ವನ್ನೇ ನೋಡಿ. 1931ರಲ್ಲಿ ಮೋಹನ್ ಭವನಾನಿ ನಿರ್ದೇಶಿಸಿದ ಮೂಕಿಚಿತ್ರದಲ್ಲಿ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ್ದರು. 1941ರ ‘ವಸಂತಸೇನಾ’ ರಾಮಯ್ಯರ್ ಶಿರೂರ್ ನಿರ್ದೇಶನದ ಕನ್ನಡ ವಾಕ್ಚಿತ್ರ. ಸಾಲದ್ದಕ್ಕೆ ಕಾಗುಣಿತದ ಕಾಟ: ‘ತ’ಕಾರಕ್ಕೆ ಕನ್ನಡಿಗರು ಇಂಗ್ಲಿಷಿನ ಟಿ, ಎಚ್ ಎರಡನ್ನೂ ಬಳಸಿದರೆ ಉತ್ತರದವರಿಗೆ ಟಿ ಒಂದೇ ಸಾಕು.

ಇದು ಬರಿಯ ತಾಂತ್ರಿಕ ತಕರಾರಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರು ಪೇಟೆಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಅಭಿನಯ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. 1961ರಲ್ಲಿ ಅದೇ ಹೆಸರಿನಲ್ಲಿ ಎನ್.ಟಿ. ರಾಮರಾವ್ ಅಭಿನಯದ ತೆಲುಗು ಚಿತ್ರ ಬಂತು. ಇವೆರಡರ ವಿವರ ಅದಲುಬದಲಾದರೆ ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು ರಾಮರಾಯರ ಖಾತೆಗೆ ಸೇರಿಬಿಡಬಹುದು. ತಿದ್ದಿಕೊಳ್ಳೋಣ ಎಂದರೆ ನೋಡಲು ಚಿತ್ರವೇ ಇಲ್ಲ. ಉಳಿದಿರುವುದು ದಾಖಲೆ ಮಾತ್ರ.

ಹಾಗಾದರೆ ಸರಿಯಾದ ಚಿತ್ರ ಹುಡುಕುವುದು ಹೇಗೆ? ಒಂದೇ ಕಾಗುಣಿತಕ್ಕೆ ಜೋತುಬೀಳದೆ ಎರಡು ಮೂರು ಬಗೆಯಲ್ಲಿ ಬರೆದು ಹುಡುಕಬೇಕು. ಸಿಕ್ಕ ಪಟ್ಟಿಯ ಪ್ರತಿಯೊಂದು ಹೆಸರಿನ ಮುಂದಿರುವ ವರ್ಷವನ್ನೂ, ಅದು ಚಲನಚಿತ್ರವೋ ಕಿರುತೆರೆಯ ಧಾರಾವಾಹಿಯೋ ಎಂಬುದನ್ನೂ ನೋಡಬೇಕು. ಪಟ್ಟಿಯಲ್ಲಿ ಇರುವುದು ಅಲ್ಪ ಮಾಹಿತಿ. ಆದ್ದರಿಂದ ಹೊಂದುವಂತೆ ಕಂಡವುಗಳ ಪೂರ್ಣ ದಾಖಲೆ ತರಿಸಿ ಭಾಷೆ, ನಿರ್ದೇಶಕ, ನಟರನ್ನು ತಾಳೆ ನೋಡಬೇಕು. 1973ರಲ್ಲಿ ರಾಜಕುಮಾರ್ ಅಭಿನಯದ ‘ಗಂಧದ ಗುಡಿ’ ಬಂತು. 2022ರಲ್ಲಿ ಅವರ ಮಗ ಪುನೀತ್ ಕಾಣಿಸಿಕೊಂಡ ಸಾಕ್ಷ್ಯಚಿತ್ರಕ್ಕೂ ಅದೇ ಹೆಸರು. ಇಲ್ಲಿ ಭಾಷೆಯೂ ಒಂದೇ. ಗೊಂದಲ ಬಿಡಿಸುವುದು ವರ್ಷವೇ.

ಕೊನೆಯದು ಮುಖ್ಯ. ಐಎಂಡಿಬಿ ಪ್ರತಿ ಚಿತ್ರಕ್ಕೂ ಪ್ರತ್ಯೇಕ ಸಂಖ್ಯೆ ಕೊಟ್ಟಿದೆ. ಸರಿಯಾದ ಚಿತ್ರ ಒಮ್ಮೆ ಸಿಕ್ಕಿತೆಂದರೆ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ಹೆಸರಿನ ಹಂಗಿಲ್ಲ.

ಅಂಚೆ ಇಲಾಖೆ 1972ರಲ್ಲಿ ಪಿನ್ ಕೋಡ್ ತಂದದ್ದೂ ಇಂಥದೇ ಕಾರಣಕ್ಕೆ. ಲಕೋಟೆಯ ಮೇಲೆ ಹಲಸೂರು ಎಂದು ಬರೆಯಿರಿ, ಅಲ್ಸೂರ್ ಎಂದು ಬರೆಯಿರಿ. 560008 ಎಂದಿದ್ದರೆ ಕಾಗದ ಕೆರೆಯ ದಂಡೆಯ ಆ ಬಡಾವಣೆಗೇ ಬಂದು ಸೇರುತ್ತದೆ.